ಇಂಜಿನ್ನಿನ ಮೇಲೆ ಹೊರಿಸಿದ್ದು

ಗುಬ್ಬಿ ಬಾಯಿ ತೆರೆಯುತ್ತಿದೆ, ಮುಚ್ಚುತ್ತಿದೆ, ಕಾರು ರಿಪೇರಿ ಶೆಡ್ಡಿನ ತೊಲೆಯ ಮೇಲೆ ಕೂತು ಬಾಲ ಕುಣಿಸುತ್ತಾ ಮತ್ತೆ ತೆರೆಯುತ್ತಿದೆ, ಚಿಂವ್ ಎನ್ನುತ್ತಿರಬೇಕು, ಎನ್ನದೆ ಇನ್ನೇನು, ಗುಬ್ಬಿ ಚಿಂವ್ ಎನ್ನುತ್ತದೆಂದು ಮೊದಲಿನಿಂದ ಗೊತ್ತಿರುವುದರಿಂದ ಆ ಸದ್ದನ್ನು ಅದರ ಬಾಯೊಳಗೆ ನಾನೇ ಇಡುತ್ತಿದ್ದೇನೆ, ಈಗೀಗ ಎಲ್ಲರ ಬಾಯೊಳಗೂ ಮಾತು ಇಡುವವನು ನಾನೇ — ಪಕ್ಕೀರಪ್ಪ ತಿರುಗಿದ, ನನ್ನನ್ನೇ ನೋಡುತ್ತಿದ್ದಾನೆ, ಹುಬ್ಬು ಮೇಲೆ ಹೋಗಿದೆ ಎಂದರೆ ಏನೋ ಕೇಳಿದ್ದಾನೆ ಎಂದೇ ಅರ್ಥ, ಪುಣ್ಯಕ್ಕೆ ಈ ಮೇಸ್ತ್ರಿಗೆ ಮೀಸೆಯಿಲ್ಲ, ತುಟಿ ಸಾಫಾಗಿ ಕಾಣುತ್ತದೆ, ದಿನವೆಲ್ಲ ಸುತ್ತಿಗೆ ಬಡಿತದ ನಡುವೆ ಇರುವವನಾದ್ದರಿಂದ ಕೂಗಿಯೇ ಮಾತಾಡುತ್ತಾನೆ, ಏನಂದಿ ಪಕ್ಕೀರಪ್ಪ ಎಂದೆ, ಏನ್ ಮಾಡೂಣು ಉಜ್ಜಿನಪ್ಪಣ್ಣ, ಈ ಇಂಜಿನ್ನ ಬಿಚ್ಚಿ ಕಟ್ಟೂಣೋ, ಸಂಡೂರಿನ ಇಂಜಿನ್ ತಂದು ಕುಂದ್ರಸೂಣೋ, ಸಾವ್ಕಾರ್ರು ಬರೋದ್ರಾಗ ಒಂದು ಮಾತು ಹೇಳಣ್ಣ. ಒಂದು ಮಾತು, ಹೌದಪ್ಪ, ಹೇಳುವುದಕ್ಕೆ ಒಂದೇ ಮಾತು, ಆ ಮಾತು ಆಡಿದ ಮೇಲೆ ನನ್ನ ಗತಿ ಏನಾಗುತ್ತದೆ ಎಂಬುದು ಇವನಿಗೇನು ಗೊತ್ತು, ಸಾಹುಕಾರರ ಜಟಕಾ ಹೊಸಪೇಟೆಯ ಬಜಾರು ದಾಟಿ ಸ್ಟೇಷನ್ ರಸ್ತೆಗೆ ತಿರುಗಿರಬಹುದು, ಈಗಲೋ ಆಗಲೋ ಬಂದು ನಿಲ್ಲುತ್ತದೆ, ತಡಿಯೋ ಮಾರಾಯ, ನೋಡ್ತೀನಿ ಎಂದು ಕೈಯಾಡಿಸಿದೆ, ಅವನು ಇನ್ನೇನೋ ಗೊಣಗಿ ಬೋಲ್ಟು ಬಿಚ್ಚುವ ಪಾನಾ ಒರೆಸುತ್ತಾ ಕೂತ.

ಕಾರು ನನ್ನದಲ್ಲ, ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರ ಕೊಟ್ರಬಸಪ್ಪನವರದು, ಆದರೆ ಮದ್ರಾಸಿನಿಂದ ಗೂಡ್ಸ್ ಗಾಡಿಯಲ್ಲಿ ಹೊಸಪೇಟೆ ಸ್ಟೇಷನ್ನಿಗೆ ಬಂದಿಳಿದ ದಿನದಿಂದ ಅದನ್ನು ಓಡಿಸಿದವನು ನಾನೊಬ್ಬನೇ, ಆವತ್ತು ಅದರ ಹಿಂದೆ ಅರ್ಧ ಊರು ಓಡಿಬಂದಿತ್ತು, ಈಗ ಬಾನೆಟ್ಟು ಕಳಚಿ ಗೋಡೆಗೆ ಒರಗಿಸಿದ್ದಾರೆ, ಒಳಗಿನದೆಲ್ಲ ಹೊರಗೆ ಕಾಣುತ್ತಿದೆ, ಮನೆಯ ಹಿರಿಯರನ್ನು ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿ ಮಲಗಿಸಿದಂತೆ, ನೋಡುವುದಕ್ಕೆ ನನಗೇ ನಾಚಿಕೆ. ಆ ಬಾನೆಟ್ಟಿನ ಎಡಗಡೆ ಒಂದು ಕಡೆ ಬಣ್ಣ ಸವೆದು ತಗಡು ಕಾಣುತ್ತದೆ, ಅದು ನನ್ನ ಅಂಗೈ ಇಡುವ ಜಾಗ, ಸಾಹುಕಾರರ ಮನೆಯಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿದೆ, ಯಾರೂ ಕೂತು ಗೊತ್ತುಮಾಡಿದ್ದಲ್ಲ, ಮೊದಲ ವರ್ಷ ಹಂಪಿಗೆ ಹೊರಟಾಗ ಕಾರು ಚಾಲೂ ಮಾಡಿ ಇಳಿದು ನಿಂತೆ, ಸದ್ದಿನಲ್ಲಿ ಏನೋ ಒರಟು ಅನಿಸಿತು, ಕಣ್ಣು ಮುಚ್ಚಿ ಕೇಳಿದೆ, ಹತ್ತಬ್ಯಾಡ್ರಿ ಅವ್ವಾರ ಎಂದೆ, ಆಮೇಲೆ ನೋಡಿದರೆ ಎಣ್ಣೆಯೆಲ್ಲ ಸೋರಿಹೋಗಿ ಒಳಗೆ ಒಣಗಿ ನಿಂತಿತ್ತು, ಅಷ್ಟೇ, ಅಂದಿನಿಂದ ಸಾಹುಕಾರರ ತಾಯಿ ಅಕ್ಕನಾಗಮ್ಮನವರು ನಾನು ಬಾನೆಟ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೇಳಿ ಹತ್ರಿ ಎನ್ನುವ ತನಕ ಕಾರಿನ ಮೆಟ್ಟಿಲ ಮೇಲೆ ಕಾಲಿಡುವುದಿಲ್ಲ, ಅವರು ಇಡುವುದಿಲ್ಲ ಎಂದ ಮೇಲೆ ಮನೆಯಲ್ಲಿ ಇನ್ನಾರೂ ಇಡುವುದಿಲ್ಲ, ಬಾಸಿಂಗ ಕಟ್ಟಿಕೊಂಡ ಮದುಮಗಳು ಬಿಸಿಲಿನಲ್ಲಿ ನಿಂತು ಕಾದಿದ್ದಾಳೆ, ಮಠದ ಸ್ವಾಮಿಗಳು ಪಾದುಕೆ ಮೆಟ್ಟಿ ನಿಂತು ಕಾದಿದ್ದಾರೆ, ಉಜ್ಜಿನಪ್ಪನ ಕಿವಿ ಅಂದ್ರ ಕಿವಿ ನೋಡ್ರಿ ಎಂದು ಸಾಹುಕಾರರು ಬಂದ ನೆಂಟರಿಗೆಲ್ಲ ಹೇಳುತ್ತಾರೆ, ಹಾಗೆ ಹೇಳಿದಾಗ ನಾನು ತಲೆ ತಗ್ಗಿಸುತ್ತಿದ್ದೆ, ಒಳಗೊಳಗೆ ಉಬ್ಬುತ್ತಿದ್ದೆ, ಸುಳ್ಳೇಕೆ, ಭಾಳ ಉಬ್ಬುತ್ತಿದ್ದೆ.

ಆ ಕಿವಿ ಈಗ ಇಲ್ಲ. ಯಾವಾಗ ಹೋಯಿತು ಎಂದು ಕೇಳಿದರೆ ಏನು ಹೇಳಲಿ, ಚಿಕ್ಕವನಿದ್ದಾಗ ಬಸವಣ್ಣ ಕಾಲುವೆಯಲ್ಲಿ ಮುಳುಗಿ ಮುಳುಗಿ ಎರಡೂ ಕಿವಿ ಸೋರುತ್ತಿದ್ದವು, ಅವ್ವ ಬಟ್ಟೆಯ ಬತ್ತಿ ಹೊಸೆದು ತುರುಕುತ್ತಿದ್ದಳು, ಅದು ವಾಸಿಯಾಯಿತು ಎಂದುಕೊಂಡಿದ್ದೆ, ಹೋದ ವರ್ಷದ ಜ್ವರ ಬಿಟ್ಟ ಮೇಲೆ ಬಲಗಿವಿ ಮುಚ್ಚಿಕೊಂಡಿತು, ನೀರು ಹೊಕ್ಕಂತೆ, ತಲೆ ಓರೆ ಮಾಡಿ ಕುಪ್ಪಳಿಸಿದರೆ ಬಿಡುತ್ತದೆ ಎಂದು ಹಿತ್ತಿಲಲ್ಲಿ ಒಂಟಿ ಕಾಲಲ್ಲಿ ಕುಪ್ಪಳಿಸಿದೆ, ಹೆಂಡತಿ ನೀಲಗಂಗಮ್ಮ ನೋಡಿ ನಕ್ಕಳು, ಏನ್ರಿ ಇದು ಕುಂಟಾಬಿಲ್ಲಿ ಆಡಾಕ ಹತ್ತೀರಿ ಅಂದಳು, ಆಗ ಅದು ಕೇಳಿಸಿತ್ತು, ಅವಳ ನಗೆಯೂ ಕೇಳಿಸಿತ್ತು, ಆಮೇಲೆ ಎಡಗಿವಿಯೂ ಅದೇ ದಾರಿ ಹಿಡಿಯಿತು, ಈಗ ಎರಡರೊಳಗೂ ಹಗಲಿಡೀ ಒಂದೇ ಸಮ ಗುಂಯ್ ಎನ್ನುತ್ತದೆ, ದೂರದಲ್ಲಿ ಯಾರೋ ಗಿರಣಿ ಚಾಲೂ ಮಾಡಿ ಮರೆತುಹೋದಂತೆ, ಉಣ್ಣುವಾಗಲೂ ಅದೇ, ದೇವರ ಮುಂದೆ ಕೂತಾಗಲೂ ಅದೇ. ಬಜಾರಿನಲ್ಲಿ ಕಿವಿ ಗುಗ್ಗೆ ತೆಗೆಯುವವನ ಮುಂದೆ ಕೂತೆ, ಅವನು ಕಡ್ಡಿ ಆಡಿಸಿ ಬೆರಳ ತುದಿಯಲ್ಲಿ ಏನೋ ತೋರಿಸಿ ಈಗ ನೋಡ್ರಿ ಇರಿವಿ ಹರಿದ್ರೂ ಕೇಳಸ್ತೈತಿ ಅಂದ, ತುಟಿ ನೋಡಿ ತಿಳಿದುಕೊಂಡೆ, ಕೇಳಿಸಲಿಲ್ಲ, ನೀಲಗಂಗಮ್ಮ ಬೆಳ್ಳುಳ್ಳಿ ಸುಟ್ಟು ಎಣ್ಣೆ ಕಾಯಿಸಿ ಬಿಡುತ್ತಾಳೆ, ಬರೀ ಕಿವಿನೋವು ಎಂದು ಹೇಳಿದ್ದೇನೆ ಅವಳಿಗೆ, ನಂಬಿದ್ದಾಳೋ ಇಲ್ಲವೋ, ಮೊದಲೆಲ್ಲ ಅಡಿಗೆಮನೆಯಿಂದಲೇ ಕೂಗಿ ಕರೆಯುತ್ತಿದ್ದವಳು ಈಗ ಎದುರಿಗೆ ಬಂದು ನಿಂತು ಮುಖ ನೋಡಿ ಮಾತಾಡುತ್ತಾಳೆ, ತುಟಿ ಅಗಲ ಮಾಡಿ, ಮಗುವಿಗೆ ಹೇಳುವಂತೆ, ನನ್ನೇನ್ ಕಿವುಡ ಅಂತ ತಿಳದಿಯೇನು ಎಂದು ಮೊನ್ನೆ ರೇಗಿದೆ, ಅವಳು ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಕಾರು ಓಡಿಸುವುದಕ್ಕೆ ಮಾತ್ರ ಕಿವಿ ಬೇಕಾಗಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತರೆ ಅಂಗಾಲಿಗೆ ತಿಳಿಯುತ್ತದೆ, ಸ್ಟೇರಿಂಗು ಹಿಡಿದ ಅಂಗೈಗೆ ತಿಳಿಯುತ್ತದೆ, ಸೀಟಿನಿಂದ ಬೆನ್ನುಮೂಳೆಗೆ ಏರಿ ಬರುತ್ತದೆ, ಈ ಇಂಜಿನ್ನಿನ ನಡುಕ ನನಗೆ ನನ್ನ ನಾಡಿಗಿಂತ ಹೆಚ್ಚು ಗೊತ್ತು, ಬಾನೆಟ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಹತ್ರಿ ಎನ್ನುತ್ತಲೇ ಬಂದೆ, ಕೇಳುತ್ತಿದ್ದದ್ದು ಅಂಗೈ, ಅವರು ನಂಬಿದ್ದು ಕಿವಿಯನ್ನು.

ಅದು ನಡೆದುಕೊಂಡು ಹೋಗುತ್ತಿತ್ತು, ಪಾಪಿನಾಯಕನಹಳ್ಳಿಯ ಹತ್ತಿರ ರೈಲು ಹಳಿ ದಾಟುವ ಜಾಗ ಒಂದು ಇರದಿದ್ದರೆ ಇನ್ನೂ ನಡೆದುಕೊಂಡು ಹೋಗುತ್ತಿತ್ತು, ಬಳ್ಳಾರಿಯಲ್ಲಿ ನೆಂಟರ ಮನೆಯ ಲಿಂಗದೀಕ್ಷೆ ಮುಗಿಸಿ ಅಕ್ಕನಾಗಮ್ಮನವರನ್ನು ಕರೆದುಕೊಂಡು ಬರುತ್ತಿದ್ದೆ, ಹಿಂದಿನ ಸೀಟಿನಲ್ಲಿ ಅವರೊಬ್ಬರೇ, ಬುತ್ತಿಯ ಗಂಟು ತೊಡೆಯ ಮೇಲೆ, ಗೇಟಿಲ್ಲದ ದಾರಿ, ಹಳಿಯ ಆ ಕಡೆ ಜಾಲಿಗಿಡ, ಗುಡ್ಡದ ಮರೆಗೆ ಹಳಿ ತಿರುಗುತ್ತದೆ, ಅಲ್ಲಿ ಯಾವತ್ತೂ ನಿಧಾನ ಮಾಡಿ ಕಿವಿಗೊಟ್ಟು ದಾಟುತ್ತಿದ್ದೆ, ಆವತ್ತೂ ನಿಧಾನ ಮಾಡಿದೆ, ಕಿವಿಗೊಟ್ಟೆ, ಕಿವಿಯೊಳಗೆ ನನ್ನದೇ ಗುಂಯ್, ಬೇರೆ ಏನೂ ಇಲ್ಲ, ಏನೂ ಇಲ್ಲವೆಂದರೆ ದಾರಿ ಖಾಲಿ ಎಂದುಕೊಂಡೆ — ಅದೇ ತಪ್ಪಿದ್ದು, ಏನೂ ಕೇಳದಿದ್ದರೆ ಏನೂ ಇಲ್ಲ ಎಂದು ಇಷ್ಟು ವರ್ಷದ ಅಭ್ಯಾಸ — ಗೇರು ಹಾಕಿ ಏರಿಸಿದೆ, ಹೆಗಲ ಮೇಲೆ ಯಾರೋ ಗುದ್ದಿದಂತಾಯಿತು, ಒಂದು ಸಲ, ಎರಡು ಸಲ, ಮುದುಕಿಯ ಮುಷ್ಟಿ, ಬಳೆಯ ಚೂರು ನನ್ನ ತೋಳಿಗೆ ಚುಚ್ಚಿತು, ಬ್ರೇಕು ತುಳಿದೆ, ಮುಂದಿನ ಚಕ್ರ ಹಳಿಗೆ ತಾಗಿ ನಿಂತಿತು, ಆಮೇಲೆ ಕರ್ರಗೆ ದೊಡ್ಡದೊಂದು ಗೋಡೆ ಕಣ್ಣ ಮುಂದೆ ಓಡಿಹೋಯಿತು, ಬಿಸಿ ಗಾಳಿ, ಕಲ್ಲಿದ್ದಲ ಪುಡಿ ಬಾಯೊಳಗೆ, ಡಬ್ಬಿ ಡಬ್ಬಿ ಡಬ್ಬಿ, ಕೊನೆಯ ಡಬ್ಬಿಯಲ್ಲಿ ಗಾರ್ಡು ನನ್ನ ಕಡೆ ಮುಷ್ಟಿ ತೋರಿಸುತ್ತಾ ಹೋದ. ಹಿಂದೆ ತಿರುಗಿದರೆ ಅಕ್ಕನಾಗಮ್ಮನವರು ಬೆವರಿ ನೀರಾಗಿ ಕೂತಿದ್ದಾರೆ, ಅಷ್ಟು ಸೀಟಿ ಹೊಡೀತು, ಅಷ್ಟು ಒದರಿದೆ, ಕೇಳ್ಲಿಲ್ಲೇನೋ ಉಜ್ಜಿನಿ, ಅವರ ತುಟಿ ಅಳ್ಳಾಡಿದ್ದು ಹಾಗೆಯೇ ಇತ್ತು, ಅದೇ ಕ್ಷಣ ಹೇಳಬಹುದಿತ್ತು, ಇಲ್ರಿ ಅವ್ವಾರ, ಕೇಳ್ಸಲಿಲ್ಲ, ನನಗ ಕಿವಿ ಕೇಳ್ಸಂಗಿಲ್ರಿ ಎಂದು, ನಾಲಿಗೆಗೆ ಬಂದದ್ದು ಬೇರೆಯದು, ಇಂಜಿನ್ ಸದ್ದು ಭಾಳ ಆಗೈತ್ರಿ ಅವ್ವಾರ, ಒಳಗ ಏನೋ ಸವದೈತಿ, ಅದರ ಗದ್ದಲದಾಗ ಸೀಟಿ ಕೇಳ್ಸಲಿಲ್ಲ ನೋಡ್ರಿ. ಅವರು ನಂಬಿದರು, ಊರಿಗೆ ಹೋಗಿ ಮಗನಿಗೆ ಹೇಳಿದರು, ಈ ಇಂಜಿನ್ ನಮ್ಮನ್ನ ಕೊಂದs ಬಿಡ್ತಿತ್ತಪ್ಪ ಕೊಟ್ರಬಸಪ್ಪ, ಇದಕ್ಕೊಂದು ವ್ಯವಸ್ಥಾ ಮಾಡು, ಹೀಗೆ ಈ ಇಂಜಿನ್ನು ಪಕ್ಕೀರಪ್ಪನ ಶೆಡ್ಡಿಗೆ ಬಂತು.

ಮಾತಾಡಲು ಬರದ ವಸ್ತುವಿನ ಮೇಲೆ ಹೊರಿಸಿಬಿಟ್ಟೆ, ಅದು ಹೊತ್ತುಕೊಂಡು ನಿಂತಿದೆ. ತಮಾಷೆ ಏನೆಂದರೆ ಪಕ್ಕೀರಪ್ಪ ಕೇಳಿ ನೋಡಿ ಹೌದು, ಲಟಕ್ ಲಟಕ್ ಅನ್ನಾಕ ಹತ್ತೈತಿ ಎಂದುಬಿಟ್ಟ, ನಿಜವಾಗಿ ಕೇಳಿಸಿತೋ, ಸಾಹುಕಾರರು ಸದ್ದು ಇದೆ ಎಂದಮೇಲೆ ಇರಲೇಬೇಕು ಎಂದುಕೊಂಡನೋ, ಅದನ್ನು ತಿಳಿಯಲೆಂದೇ ಇವತ್ತು ಅವನು ಬರುವ ಮೊದಲೇ ಬಂದೆ, ಹ್ಯಾಂಡಲ್ಲು ಹೊಡೆದು ಚಾಲೂ ಮಾಡಿ ಸ್ಕ್ರೂ ತಿರುವುವ ಉದ್ದನೆಯ ತಿರುಪುಳಿಯ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡೆ, ಎಲ್ಲ ಮೇಸ್ತ್ರಿಗಳೂ ಕಿವಿಗೆ ಇಟ್ಟುಕೊಳ್ಳುತ್ತಾರೆ, ನನಗೆ ಕಿವಿಗಿಟ್ಟರೆ ಏನೂ ಇಲ್ಲ, ಹಲ್ಲಲ್ಲಿ ಕಚ್ಚಿದರೆ ದವಡೆಯಿಂದ ನೇರ ತಲೆಯೊಳಗೆ ಬರುತ್ತದೆ, ಹ್ಯಾಗೋ ಏನೋ, ಒಂದು ದಿನ ತಾನಾಗಿ ಗೊತ್ತಾದದ್ದು, ಬಂತು, ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ, ದಡ ದಡ ದಡ ಎಂದು ಮೊದಲಿನ ಹಾಗೆಯೇ, ಕಣ್ಣಲ್ಲಿ ನೀರು ಬಂತು, ನಡುವೆ ಒಂದು ಲಟಕ್ ಬಂತು, ಮತ್ತೆ ಬಂತು, ಆದರೆ ಬಲಗಡೆಯ ದವಡೆಹಲ್ಲೊಂದು ಅಲ್ಲಾಡುತ್ತಿದೆ ನನಗೆ, ಲಟಕ್ ಎಂದದ್ದು ಇಂಜಿನ್ನೋ ನನ್ನ ಹಲ್ಲೋ, ಎಡಗಡೆ ಕಚ್ಚಿ ನೋಡೋಣ ಎನ್ನುವಷ್ಟರಲ್ಲಿ ಬೀದಿಯಲ್ಲಿ ಪಕ್ಕೀರಪ್ಪನ ಸೈಕಲ್ಲು ಕಾಣಿಸಿತು, ಬಂದ್ ಮಾಡಿ ತಿರುಪುಳಿ ಒರೆಸಿಟ್ಟೆ. ಆದ್ದರಿಂದ ಈಗ ಇಂಜಿನ್ನು ಕೆಟ್ಟಿದೆಯೋ ಇಲ್ಲವೋ ಎಂಬುದೂ ನನಗೆ ಗೊತ್ತಿಲ್ಲ, ಕಾರಿನ ಸದ್ದು ತಿಳಿಯದ ಡ್ರೈವರು ನಾನು, ನನ್ನ ಒಂದು ಮಾತಿಗೆ ಇವರೆಲ್ಲ ಕಾಯುತ್ತಿದ್ದಾರೆ.

ಬಿಚ್ಚಿ ಕಟ್ಟು ಎನ್ನುವುದೇ ನನಗೆ ಒಳ್ಳೆಯದು, ಮೊದಲಿನಿಂದ ನೋಡಿದರೂ ಅದೇ, ಕೊನೆಯಿಂದ ನೋಡಿದರೂ ಅದೇ, ಎಲ್ಲ ಕಳಚಿ ಸಾಮಾನು ಮದ್ರಾಸಿನಿಂದ ಬರಬೇಕು, ಸಿಲಿಂಡರಿನ ಒಳಗಡೆ ಕೊರೆಸುವುದಕ್ಕೆ ಬಳ್ಳಾರಿಗೆ ಕಳಿಸಬೇಕು, ಮಳೆಗಾಲ ಕಳೆಯುತ್ತದೆ, ಕಟ್ಟಿದ ಮೇಲೂ ಹೊಸದಾಗಿ ಕಟ್ಟಿದ ಇಂಜಿನ್ನಿನಲ್ಲಿ ಯಾರನ್ನೂ ಕೂರಿಸಬಾರದು, ಒಬ್ಬನೇ ನಿಧಾನವಾಗಿ ಕಮಲಾಪುರದ ತನಕ ಹೋಗಿ ಬಂದು ಹದ ಮಾಡಬೇಕು, ಅಷ್ಟರಲ್ಲಿ ಕಿವಿಗೆ ಏನಾದರೂ ಆದೀತು, ಬಳ್ಳಾರಿಯಲ್ಲಿ ಕಿವಿ ನೋಡುವ ಡಾಕ್ಟರೊಬ್ಬರಿದ್ದಾರಂತೆ, ಪಿಚಕಾರಿಯಿಂದ ನೀರು ಬಿಡುತ್ತಾರಂತೆ, ಬಿಟ್ಟರೆ ಗುಂಯ್ ಎನ್ನುವುದು ನಿಂತು ಎಲ್ಲ ಮೊದಲಿನ ಹಾಗೆ — ಆದರೆ ಸಾಹುಕಾರರ ಮನಸ್ಸೆಲ್ಲ ಸಂಡೂರಿನ ಇಂಜಿನ್ನಿನ ಮೇಲೆ, ಗಣಿ ಕಡೆಯ ಒಬ್ಬ ಬಿಳಿಯ ದೊರೆಯ ಕಾರು ಘಾಟಿನಲ್ಲಿ ಉರುಳಿ ಮೈಯೆಲ್ಲ ಜಜ್ಜಿಹೋಗಿದೆ, ಇಂಜಿನ್ನಿಗೆ ಮಾತ್ರ ಏನೂ ಆಗಿಲ್ಲ, ನಮ್ಮ ಕಾರಿನ ಕಂಪನಿಯದೇ, ಹೊಸ ಮಾದರಿ, ಮೊನ್ನೆ ಪಕ್ಕೀರಪ್ಪ ನಾನು ಇಬ್ಬರೂ ಸಂಸ್ಥಾನದ ಗಡಿ ದಾಟಿ ಹೋಗಿ ನೋಡಿಬಂದೆವು, ಊರ ಹೊರಗೆ ಹುಣಿಸೆಮರದ ಕೆಳಗೆ ನಿಲ್ಲಿಸಿದ್ದರು, ಕಾವಲಿನ ಗಾಳೆಪ್ಪ ನೀರು ಹೊಯ್ದು ಚಾಲೂ ಮಾಡಿದ, ಏನು ಮಸ್ತ್ ಐತಿ ನೋಡಣ್ಣ, ಸದ್ದs ಇಲ್ಲ ಎಂದ ಪಕ್ಕೀರಪ್ಪ, ಬೆಣ್ಯಾಗ ಕೈ ಆಡಿಸಿದಂಗ ಐತಿ, ನಾನು ಮಡ್ಗಾರ್ಡಿನ ಮೇಲೆ ಕೈಯಿಟ್ಟೆ, ಏನೂ ಬರಲಿಲ್ಲ, ಅಂಗಾಲು ನೆಲಕ್ಕೊತ್ತಿ ನಿಂತೆ, ಏನೂ ಇಲ್ಲ, ಮುಂದಿನ ಫ್ಯಾನು ತಿರುಗುತ್ತಾ ಅದರ ರೆಕ್ಕೆ ಕಾಣದಂತಾಗಿತ್ತು, ಅಷ್ಟರಿಂದಲೇ ಚಾಲೂ ಇದೆ ಎಂದು ತಿಳಿದದ್ದು. ಅಷ್ಟು ಮೆತ್ತಗಿನ ಇಂಜಿನ್ನು ನಮ್ಮ ಕಾರಿಗೆ ಬಂದರೆ ನನಗೆ ಯಾವ ನಡುಕವೂ ಹೇಳುವುದಿಲ್ಲ, ಯಾವ ಗದ್ದಲವೂ ನೆಪಕ್ಕೆ ಸಿಗುವುದಿಲ್ಲ, ಮತ್ತೊಂದು ದಿನ ಅದೇ ಹಳಿಯ ಹತ್ತಿರ ಸೀಟಿ ಹೊಡೆದರೆ ಈ ಸಲ ಏನು ಹೇಳುತ್ತೀಯ ಉಜ್ಜಿನಪ್ಪ, ಯಾರ ಮೇಲೆ ಹೊರಿಸುತ್ತೀಯ.

ದಸರೆಗೆ ಸಾಹುಕಾರರ ಮಗಳು ಕೊಟ್ರಮ್ಮ ಬಳ್ಳಾರಿಯ ಗಂಡನ ಮನೆಯಿಂದ ಬರುತ್ತಾಳೆ, ಚೊಚ್ಚಲು ಕೂಸನ್ನು ತವರಿಗೆ ಮೊದಲನೆಯ ಸಲ ಎತ್ತಿಕೊಂಡು ಬರುವುದು, ಕರೆತರುವವನು ನಾನೇ, ಅದೇ ರಸ್ತೆ, ಅದೇ ಹಳಿ, ಅವಳ ಮಡಿಲಲ್ಲಿ ಕೂಸು, ತಲೆಗೆ ಕುಲಾಯಿ ಹಾಕಿರುತ್ತಾರೆ — ಬೇಡ, ಅದನ್ನು ನೆನೆಯಬಾರದು, ಅಲ್ಲಿ ಇಳಿದು ನಾನೇ ಹಳಿಯ ಎರಡೂ ಕಡೆ ನೋಡಿ ಬಂದು ದಾಟಿಸುತ್ತೇನೆ, ಯಾಕೆ ಇಳಿದಿ ಎಂದು ಕೇಳಿದರೆ, ಟೈರು ನೋಡಿದೆ ಎನ್ನುತ್ತೇನೆ, ಪ್ರತಿ ಸಲವೂ ಟೈರೇ, ಮತ್ತು ಗೇಟಿಲ್ಲದ ಹಳಿ ಒಂದೇ ಏನು, ಎದುರು ಬರುವ ಲಾರಿಯ ಹಾರನ್ನಿದೆ, ಹಿಂದಿನ ಸೀಟಿನಿಂದ ನಿಲ್ಲಿಸು ಎನ್ನುವ ಹೆಂಗಸಿದ್ದಾಳೆ, ಕಂಪ್ಲಿಯ ಹೊಳೆಯ ಹತ್ತಿರ ಹರಿಗೋಲಿನಿಂದ ಇಳಿದ ಮಂದಿ ರಸ್ತೆಯ ತುಂಬ ಇರುತ್ತಾರೆ. ಹೇಳಿಬಿಡಲೇ, ಈಗಲೇ, ಅವರು ಬಂದ ಕೂಡಲೇ, ಇಂಜಿನ್ನಿನದು ತಪ್ಪಿಲ್ರಿ ಸಾವ್ಕಾರ್ರ, ಕೆಟ್ಟದ್ದು ನನ್ನ ಕಿವಿ, ಎಷ್ಟು ಸುಲಭ, ಹೇಳಿದ ಮೇಲೆ ಎದೆ ಹಗುರಾಗುತ್ತದೆ, ಆಮೇಲೆ ಅವರು ಏನನ್ನುತ್ತಾರೆ, ಬೈಯುವುದಿಲ್ಲ, ಬೈದರೆ ಪರವಾಗಿಲ್ಲ, ಅಯ್ಯೋ ಪಾಪ ಎನ್ನುತ್ತಾರೆ, ಗಿರಣಿಯಲ್ಲಿ ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿಕೊಡುತ್ತಾರೆ, ಬಂದವರು ಕೈಸನ್ನೆ ಮಾಡಿ ಮಾತಾಡಿಸುತ್ತಾರೆ, ಲೇ ಅವಗ ಕೇಳ್ಸಂಗಿಲ್ಲ ಜೋರಾಗಿ ಹೇಳು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ನಮ್ಮಪ್ಪ ಎತ್ತಿನ ಗಾಡಿ ಹೊಡೆದು ಸತ್ತ, ನಮ್ಮ ಓಣಿಯಲ್ಲಿ ಸ್ಟೇರಿಂಗು ಹಿಡಿದವನು ನಾನೊಬ್ಬನೇ, ಅದು ಬಿಟ್ಟರೆ ನಾನು ಯಾರು, ಇಲ್ಲ, ನನ್ನಿಂದ ಆಗುವುದಿಲ್ಲ. ಬಿಚ್ಚಿ ಕಟ್ಟುವುದೇ ಸರಿ, ಇದನ್ನೇ ಉಳಿಸಿಕೊಳ್ಳಬೇಕು, ಇದರ ನಡುಕ ಇದ್ದರೆ ನಾನಿದ್ದೇನೆ, ಅದನ್ನೇ ಹೇಳುತ್ತೇನೆ, ಗಟ್ಟಿಯಾಗಿ ಹೇಳುತ್ತೇನೆ.

ಪಕ್ಕೀರಪ್ಪ ಎದ್ದು ನಿಂತ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾನೆ ಎಂದರೆ ಅವರು ಬಂದರು, ಬಾಗಿಲಲ್ಲಿ ಜಟಕಾದ ಕುದುರೆ ತಲೆ ಒದರುತ್ತಿದೆ, ಅಕ್ಕನಾಗಮ್ಮನವರು ಸೆರಗು ಸರಿ ಮಾಡಿಕೊಂಡು ಇಳಿಯುತ್ತಿದ್ದಾರೆ, ಇಲ್ಲಿಂದ ಹಾಗೆಯೇ ಹಂಪಿಗೆ ಹೋಗುವವರಿರಬೇಕು, ಕೈಯಲ್ಲಿ ಬಿಲ್ವಪತ್ರೆಯ ಬುಟ್ಟಿ, ಪಕ್ಕೀರಪ್ಪ ಸ್ಟೂಲು ಒರೆಸಿ ಕುಂದ್ರಿ ಅವ್ವಾರ ಎಂದ, ಅವರು ಕೂರಲಿಲ್ಲ, ನನ್ನನ್ನು ನೋಡಿದರು, ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು, ಹಳಿಯ ಹತ್ತಿರದ ಆ ದಿನದಿಂದ ಅವರು ನನ್ನನ್ನು ನೋಡುವ ರೀತಿಯೇ ಬೇರೆಯಾಗಿದೆ, ಅಥವಾ ನನಗೇ ಹಾಗೆ ಕಾಣುತ್ತದೆ. ಸಾಹುಕಾರರು ಒಳಗೆ ಬಂದರು, ಬಾಯಲ್ಲಿ ಎಲೆ ಅಡಿಕೆ, ತುಟಿಯ ಮೇಲೆ ಇಳಿಬಿದ್ದ ಪೊದೆ ಮೀಸೆ, ಇಡೀ ಸೀಮೆಯಲ್ಲಿ ನಾನು ಹೆದರುವ ಮೀಸೆ ಅದೊಂದೇ, ಅದರ ಹಿಂದೆ ಯಾವ ಮಾತು ಹುಟ್ಟಿತೋ ತಿಳಿಯುವುದಿಲ್ಲ, ಹುಬ್ಬು ನೋಡಬೇಕು, ಕೈ ನೋಡಬೇಕು, ಈಗ ಕೈ ಕಾರಿನ ಕಡೆ ತೋರಿಸಿತು, ಹೌದ್ರಿ ಎಂದೆ, ಮತ್ತೇನೋ ಅಂದರು, ಹೌದ್ರಿ ಎಂದೆ, ಪಕ್ಕೀರಪ್ಪ ನನ್ನ ಮುಖವನ್ನು ನೋಡಿದ, ಅಲ್ಲಣ್ಣ, ಬಿಚ್ಚಿ ಕಟ್ಟೂಣೋ ಬದಲಿ ಮಾಡೂಣೋ ಅಂತ ಕೇಳಿದ್ರು ಎಂದ, ಎರಡು ದಾರಿಯಲ್ಲಿ ಯಾವುದು ಎಂದು ಕೇಳಿದರೆ ಹೌದು ಎಂದಿದ್ದೇನೆ, ನಕ್ಕೆ, ಎರಡೂ ಆಗತೈತ್ರಿ ಸಾವ್ಕಾರ್ರ, ಆದ್ರ ಬಿಚ್ಚಿ ಕಟ್ಟೋದs ಚಲೋ ಅಂತ ನನಗ ಅನಸ್ತೈತಿ, ನಮ್ಮ ಇಂಜಿನ್ ಹಳೇದಾದ್ರೂ ಗಟ್ಟಿ ಐತ್ರಿ. ಸಾಹುಕಾರರು ಬಾಗಿಲಿಗೆ ಹೋಗಿ ಎಲೆ ಉಗುಳಿ ಬಂದರು, ದೇವರು ದೊಡ್ಡವನು, ಈಗ ತುಟಿ ಸ್ವಲ್ಪ ಕಾಣುತ್ತದೆ, ನೀನs ಅಲ್ಲೇನು ಸದ್ದು ಭಾಳ ಐತಿ ಅಂದವ, ಹೌದ್ರಿ, ಈಗ ನೀನs ಇರ್ಲಿ ಅಂತೀ, ಅದು ಹಂಗಲ್ರಿ, ಅಕ್ಕನಾಗಮ್ಮನವರು ನಡುವೆ ಏನೋ ಹೇಳಿದರು, ನಾನು ತಿರುಗುವಷ್ಟರಲ್ಲಿ ಮಾತು ಮುಗಿದಿತ್ತು, ಸಾಹುಕಾರರು ತಲೆಯಾಡಿಸಿದರು, ಪಕ್ಕೀರಪ್ಪನಿಗೆ ಬೆರಳಿಂದ ತೋರಿಸಿದರು, ಪಕ್ಕೀರಪ್ಪ ನನ್ನ ಕಡೆ ತಿರುಗಿ ಅವ್ವಾರು ಹೇಳಾಕ ಹತ್ಯಾರ, ಒಮ್ಮೆ ಚಾಲೂ ಮಾಡು, ಉಜ್ಜಿನಪ್ಪ ಮೊದ್ಲಿನಂಗ ನಿಂತು ಕೇಳ್ಲಿ, ಅವ ಏನ್ ಅಂತಾನೋ ಅದs ಕಡೀಮಾತು ಎಂದು ಹ್ಯಾಂಡಲ್ಲಿಗೆ ಕೈ ಹಾಕಿದ.

ಸರಿ, ಕೇಳುತ್ತೇನೆ, ಇದೇನು ಹೊಸದಲ್ಲ, ಕೈಯಿಟ್ಟು ಕಣ್ಣು ಮುಚ್ಚಿದರೆ ಮುಗಿಯಿತು, ಆದರೆ ಬಾನೆಟ್ಟು ಗೋಡೆಗೆ ಒರಗಿದೆ, ಕೈ ಎಲ್ಲಿಡಲಿ, ಮಡ್ಗಾರ್ಡಿನ ಕಡೆ ಹೆಜ್ಜೆಯಿಟ್ಟೆ, ಸಾಹುಕಾರರು ತೋಳು ಹಿಡಿದು ತಮ್ಮ ಪಕ್ಕಕ್ಕೆ ಎಳೆದುಕೊಂಡರು, ಬಾ ಇಲ್ಲೇ ನಿಲ್ಲು ಎನ್ನುವಂತೆ, ಪ್ರೀತಿಯಿಂದಲೇ, ಕಾಲ ಕೆಳಗೆ ಗೋಣಿಚೀಲ ಹಾಸಿದ್ದಾರೆ, ಅದರ ಕೆಳಗೆ ಮರಳು, ಅಂಗಾಲಿಗೂ ಏನೂ ಬರುವ ಹಾಗಿಲ್ಲ, ತಿರುಪುಳಿ ಅಲ್ಲೇ ಹಲಗೆಯ ಮೇಲಿದೆ, ಇವರ ಎದುರು ಅದನ್ನು ಹಲ್ಲಲ್ಲಿ ಕಚ್ಚುವುದು ಹೇಗೆ, ಪಕ್ಕೀರಪ್ಪ ಹ್ಯಾಂಡಲ್ಲು ಹೊಡೆದ, ಒಂದು ಸಲ, ಇನ್ನೊಂದು ಸಲ, ಇಂಜಿನ್ನು ಮೈ ಒದರಿತು, ಫ್ಯಾನು ತಿರುಗಿತು, ರೆಕ್ಕೆ ಕರಗಿ ಬರೀ ಒಂದು ಬೆಳ್ಳಗಿನ ಸುತ್ತು ಆಯಿತು, ಚಾಲೂ ಆಯಿತು, ಅಬ್ಬ, ಈಗ ಕಣ್ಣು ಮುಚ್ಚಬೇಕು, ಯಾವತ್ತೂ ಮುಚ್ಚುತ್ತಿದ್ದೆ, ಮುಚ್ಚದಿದ್ದರೆ ಅನುಮಾನ ಬಂದೀತು, ಮುಚ್ಚಿದೆ. ಗುಂಯ್ ಎನ್ನುತ್ತಿದೆ, ಅದರೊಳಗೆ ದಡ ದಡ ಇದೆಯೇ, ಇದೆ, ಇರುವಂತಿದೆ, ದವಡೆ ಬಿಗಿಹಿಡಿದರೆ ಇನ್ನೂ ಚೆನ್ನಾಗಿ, ಹೌದು, ಕೇಳುತ್ತಿದೆ, ಬೆಳಿಗ್ಗೆ ಕೇಳಿದ್ದೇ, ಅಥವಾ ಹೋದ ವರ್ಷ ಕೇಳಿದ್ದು, ಯಾವುದಾದರೇನು, ಲಟಕ್ ಇಲ್ಲ, ಸಾಫಾಗಿದೆ, ಸ್ವಲ್ಪ ಹೊತ್ತು ನಿಲ್ಲಬೇಕು, ಅವಸರ ಮಾಡಿದರೆ ನಂಬುವುದಿಲ್ಲ, ತಲೆ ಸ್ವಲ್ಪ ಓರೆ ಮಾಡಬೇಕು, ಮಾಡಿದೆ, ಒಂದೆರಡು ಸಲ ತೂಗಬೇಕು, ತೂಗಿದೆ, ನೀಲಗಂಗಮ್ಮ ಎದುರಿಗೆ ಬಂದು ನಿಂತು ತುಟಿ ಅಗಲ ಮಾಡುತ್ತಾಳೆ, ಕೊಟ್ರಮ್ಮನ ಕೂಸು ಕುಲಾಯಿ ಹಾಕಿಕೊಂಡು ಮಲಗಿದೆ, ಇಲ್ಲ ಇಲ್ಲ, ಇಂಜಿನ್ನು ಕೇಳು, ಇಂಜಿನ್ನು, ಒಂದೇ ಸಮ ಓಡುತ್ತಿದೆ, ಎಷ್ಟು ಚೆನ್ನಾಗಿ ಓಡುತ್ತಿದೆ, ಇದನ್ನು ಕಳಚಿ ಎಸೆಯುವುದುಂಟೇ, ಈಗ ಹೇಳಬೇಕು, ಗಂಟಲು ಸರಿ ಮಾಡಿಕೊಂಡೆ, ಗಟ್ಟಿಯಾಗಿ ಹೇಳಿದೆ, ಏನೂ ತೊಂದ್ರಿ ಇಲ್ರಿ ಸಾವ್ಕಾರ್ರ, ಬದ್ಲಿ ಮಾಡೋದೇನೂ ಬ್ಯಾಡ, ಕೇಳ್ರಿ ನೀವs, ಎಷ್ಟು ಸಾಫ್ ಓಡಾಕ ಹತ್ತೈತಿ. ಕಣ್ಣು ತೆರೆದೆ. ಫ್ಯಾನಿನ ರೆಕ್ಕೆ ಕಾಣುತ್ತಿವೆ, ನಾಲ್ಕೂ, ಬೇರೆ ಬೇರೆಯಾಗಿ, ಒಂದರ ತುದಿ ಬಾಗಿದೆ, ಅದರ ಮೇಲೆ ಒಣಗಿದ ಕೆಸರು, ಓಡುವಾಗ ರೆಕ್ಕೆ ಕಾಣುವುದಿಲ್ಲ, ಬೆಳ್ಳಗಿನ ಸುತ್ತು ಕಾಣಬೇಕು, ಸುತ್ತು ಇಲ್ಲ, ರೆಕ್ಕೆಗಳಿವೆ, ಪಕ್ಕೀರಪ್ಪ ಹ್ಯಾಂಡಲ್ಲು ಕೆಳಗಿಟ್ಟು ನೆಲ ನೋಡುತ್ತಿದ್ದಾನೆ, ಯಾವಾಗ ನಿಂತಿತು, ತಾನಾಗಿ ನಿಂತಿತೋ, ನಿಲ್ಲಿಸಿದರೋ, ನಾನು ತಲೆ ತೂಗುವ ಮೊದಲೋ, ಆಮೇಲೋ, ಸಾಹುಕಾರರ ಮೀಸೆ ಅಲ್ಲಾಡುತ್ತಿಲ್ಲ, ಅಕ್ಕನಾಗಮ್ಮನವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಾರೆ, ಕಣ್ಣು ತುಂಬಿದೆ, ನನ್ನ ತಲೆಯೊಳಗೆ ಇನ್ನೂ ಓಡುತ್ತಲೇ ಇದೆ, ಒಂದೇ ಸಮ, ಸಾಫಾಗಿ, ರೆಕ್ಕೆ ನಾಲ್ಕು, ತುದಿ ಬಾಗಿದ್ದೊಂದು, ಅದರ ಮೇಲೆ ಕೆಸರು, ಓಡುತ್ತಲೇ ಇದೆ, ರೆಕ್ಕೆ ನಿಂತಿವೆ, ನಾಲ್ಕೂ ನಿಂತಿವೆ